ದಂತ್ಯ

ತ ಥ ದ ಧ ನ:
ನಾಲಿಗೆಯ ತುದಿ ಹಲ್ಲಿಗೆ ತಾಗಿದರೆ ಹುಟ್ಟುವ ಐದು.
ಹನ್ನೆರಡು ವರ್ಷ ಕರಿಹಲಗೆಯ ಮೇಲೆ ಬರೆದು ಬರೆದು
ಈ ಸೋಮವಾರ ಮೊದಲ ಸಲ
ತಂತಿಬೇಲಿಗೆ ಸೆರಗು ಸಿಕ್ಕಿದ ಹಾಗೆ
ಬಾಯಲ್ಲೇ ಸಿಕ್ಕಿಕೊಂಡವು.
ಮುಂದೆ ಕ್ಲಿಪ್ಪು, ಹಿಂದೆ ಅಂಗುಳಕ್ಕೆ ಅಂಟಿದ ಪ್ಲೇಟು.

ವಾಸ್ಕೋ, ಬೈನಾ. ಎರಡು ಕೋಣೆ, ನಾಲ್ಕು ತರಗತಿ.
ಕಿಟಕಿಯ ಕಟ್ಟೆಗೆ ರಾತ್ರಿಯೆಲ್ಲ ಬಂದು ಕೂತ
ಬಂದರಿನ ಕಲ್ಲಿದ್ದಲ ಪುಡಿ.
ಅದರಲ್ಲೇ ಬೆರಳಾಡಿಸಿ ಅ ಆ ತಿದ್ದುವ ಮಕ್ಕಳು
ಅವತ್ತು ತಿದ್ದಲಿಲ್ಲ. ನನ್ನ ಬಾಯಿ ನೋಡಿದರು.

"ಟೀಚರ್, ಬೆಳ್ಳೀದೇನ್ರಿ?"
"ಸಿಡ್ಲು ಹೊಡದ್ರ?"
"ಹಲ್ಲು ಓಡಿ ಹೊಕ್ಕಾವಂತ ಕಟ್ಯಾರೇನ್ರಿ?"
"ಮಳಿಗೆ ತುಕ್ಕ ಹಿಡೀತದ್ರೀ, ನಮ್ಮಪ್ಪನ ಸೈಕಲ್ ನೋಡ್ರಿ."

ಈ ಊರಿನ ಜುಲೈಯಲ್ಲಿ ಅದು ದಡ್ಡ ಪ್ರಶ್ನೆಯಲ್ಲ.
ನಾನೂ ಕೇಳಿದ್ದೆ.
ಡಾಕ್ಟರ್ ನಿನೆಟ್ ರೆಬೆಲೊ ನಗಲಿಲ್ಲ.
ದೀಪ ನನ್ನ ಕಡೆ ತಿರುಗಿಸಿ, ಕೊಂಕಣಿ ಬೆರೆತ ಹಿಂದಿಯಲ್ಲಿ:
ತುಕ್ಕು ಇಲ್ಲ. ನೋವು ಮೂರು ದಿನ, ನಾಲ್ಕೂ ಆದೀತು.
ಎರಡು ವರ್ಷ. ಮೂವತ್ತೊಂಬತ್ತೇನೂ ತಡವಲ್ಲ,
ಮೂಳೆ ಕೊಂಚ ಹಟ ಮಾಡುತ್ತೆ, ಅಷ್ಟೆ.
ಗಟ್ಟಿಯದು ಏನೂ ತಿನ್ನಬೇಡಿ.

ಏನೂ ಅಂದರೆ,
ಇಳಕಲ್ಲಿನಿಂದ ಅಕ್ಕ ಕಳಿಸಿದ ಕಡಕ್ ರೊಟ್ಟಿ,
ಹಳೆ ಪಂಚೆಯಲ್ಲಿ ಸುತ್ತಿದ ಇಪ್ಪತ್ತೈದು.
ಡಬ್ಬಿ ಮುಟ್ಟಿದರೆ ಸಾಕು, ಒಳಗೆ ಪಟ್ ಅನ್ನುತ್ತವೆ.
ಹಾಲಿನಲ್ಲಿ ನೆನೆಸಿ, ಚಮಚದಲ್ಲಿ ತಿಂದೆ.
ರೊಟ್ಟಿಗೆ ಅವಮಾನ.
ಬೆಳಿಗ್ಗೆ ಪೊದೇರನ ಸೈಕಲ್ ಪೋಂ ಪೋಂ ಅಂದಾಗ
ಪೊಯಿ ಕೊಂಡು ಚಹಾಕ್ಕೆ ಅದ್ದಿದೆ, ಅದೂ ಹೊಟ್ಟಿನ ಚೂರು ಬಿಟ್ಟುಹೋಯಿತು.
ಶೇಂಗಾ ಚಟ್ನಿಯ ಒಂದು ಕಣ
ಪಾಲಕರ ಸಭೆ ಮುಗಿಯುವವರೆಗೂ
ತಂತಿಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿತು.

ಎರಡನೇ ರಾತ್ರಿ ಕೆನ್ನೆಯ ಒಳಗೋಡೆ ಕೆತ್ತಿಹೋಗಿತ್ತು.
ಮೇಣದ ಉಂಡೆ, ಜೋಳದ ಕಾಳಿನಷ್ಟು,
ಕತ್ತಲಲ್ಲೇ ಚುಚ್ಚುವ ತುದಿಗೆ ಮೆತ್ತಿದೆ.
ಹಲ್ಲೆಲ್ಲ ಅಲುಗಾಡುತ್ತಿದ್ದವು.
ಗಂಡ ಎದ್ದು ಬೆಚ್ಚಗಿನ ಉಪ್ಪುನೀರು ತಂದ,
ಯಾಕೆ ಬೇಕಿತ್ತು ಇದು, ಅನ್ನಲಿಲ್ಲ.
ಅದನ್ನು ಮರುದಿನ ಹೆಡ್‌ಮಾಸ್ತರು ಅಂದರು:
"ಈ ವಯಸ್ಸಿನಾಗ ಯಾಕ್ರಿ ಟೀಚರ್?"

ಕಾರಣ ಒಂದೇ ಇದ್ದಿದ್ದರೆ ಹೇಳುತ್ತಿದ್ದೆ.
ಆಫೀಸಿನ ಗೋಡೆಯ ಮೇಲೆ ಒಂಬತ್ತು ವಾರ್ಷಿಕ ಫೋಟೊ ಇವೆ,
ಒಂಬತ್ತರಲ್ಲೂ ನನ್ನ ಬಾಯಿದ್ದಲ್ಲಿ ಒಂದು ಅಂಗೈ.
ನೋಡಲು ಬಂದವರ ಮುಂದೆ ಬಾಯಿ ಮುಚ್ಚಿಕೊಂಡಿರು ಅಂದಿದ್ದಳು ಅವ್ವ.
ಮುಚ್ಚಿಕೊಂಡೆ. ಒಪ್ಪಿದರು.
ಆಮೇಲೆ ತೆಗೆ ಅಂತ ಯಾರೂ ಹೇಳಲಿಲ್ಲ.

ಗುರುವಾರ ಉಕ್ತಲೇಖನ.
"ತಂದೆ ದೋಣಿ ತಂದನು" ಅಂದೆ,
ಅಂದೆ ಅಂದುಕೊಂಡೆ.
ಇಪ್ಪತ್ಮೂರು ನೋಟುಬುಕ್ಕಿನಲ್ಲಿ
ಥಂದೆ ಧೋಣಿ ಥಂಧನು.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಇದು ಯಾರ ತಪ್ಪು, ಎಷ್ಟು ಅಂಕ ಕಡಿಯಲಿ, ಯಾರದು?

ಇಪ್ಪತ್ತನಾಲ್ಕನೆಯದು ಹೊನ್ನವ್ವನದು. ಎಲ್ಲ ಸರಿ.
"ಹೆಂಗ ಗೊತ್ತಾತ ನಿನಗ?"
ಹೋದ ವಾರ ಬಿದ್ದ ಎರಡು ಹಾಲುಹಲ್ಲಿನ ಕಿಂಡಿಯಿಂದ
ಗಾಳಿ ಬಿಡುತ್ತ ಅಂದಳು:
"ನಾನೂ ಹಂಗ ಅಂಥೀನ್ರಿ. ಬರಿಯೂದು ಬ್ಯಾರೆ."

ನಗು ಬಂತು. ರೂಢಿಯಂತೆ ಕೈ ಮೇಲೆದ್ದಿತು.
ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದು ಮೂರು ತುಂಡಾಯಿತು,
ಐದು ಜನ ಎತ್ತಿಕೊಡಲು ಓಡಿಬಂದರು.